ತಣ್ಣಗಿದ್ದ ಚಕ್ರ

ಹೊಳೆದಂಡೆಯ ಗುಡ್ಡದ ಮೇಲೊಂದು ಮಠ. ಅಲ್ಲಿದ್ದ ಶಿಷ್ಯ ಪುಟ್ಟಲಿಂಗ ಆವತ್ತು ಗುರುಗಳ ಮುಂದೆ ಬಂದು ಗಟ್ಟಿಯಾಗಿ ಕೂತ.

“ಬುದ್ಧಿ, ನಾನು ಬಂದು ಮೂರು ವರ್ಷವಾಯ್ತು. ಅಡುಗೆಮನೆ ದೊಡ್ಡತಾಯಮ್ಮನ ಹಾಗೆ ಬೆಳಗಾದರೆ ಕೂಗಾಡಿದವನಲ್ಲ. ಯಾರಿಗೂ ಒಂದು ತೊಂದರೆ ಕೊಟ್ಟವನಲ್ಲ. ನನಗೆ ದೀಕ್ಷೆ ಯಾವಾಗ?”

ಗುರುಗಳು ಅಂಗಳದ ಟ್ರ್ಯಾಕ್ಟರ್ ಕಡೆ ನೋಡಿದರು. ಹೋದ ವಾರ ಕಲ್ಲು ತುಂಬಿದ ಟ್ರೇಲರ್ ಬ್ರೇಕ್ ಹಿಡಿಯದೆ ಟ್ರ್ಯಾಕ್ಟರನ್ನೇ ಇಳಿಜಾರಿನಲ್ಲಿ ನೂಕಿಕೊಂಡು ಹೋಗಿತ್ತು. ಹೊಳೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದುಬಿದ್ದು ಓಡಿ ಬದುಕಿಕೊಂಡಿದ್ದರು.

“ಅದರ ಬ್ರೇಕ್ ಸರಿ ಮಾಡು. ತುಂಬಿದ ಟ್ರೇಲರ್ ಮೆಟ್ಟಿಲಿಗಿಂತ ಮುಂಚೆ ನಿಂತ ದಿನ ದೀಕ್ಷೆ.”

“ಅಷ್ಟೇ ತಾನೇ!” ಪುಟ್ಟಲಿಂಗ ಪಂಚೆ ಎತ್ತಿ ಕಟ್ಟಿದ. ಮಠಕ್ಕೆ ಬರುವ ಮುಂಚೆ ಗ್ಯಾರೇಜಿನಲ್ಲಿ ದುಡಿದವನು ಅವನು.

ದಂಡೆಯವರನ್ನೆಲ್ಲ ದೂರ ಕಳಿಸಿ, ಕಲ್ಲು ತುಂಬಿ, ಗಾಡಿ ಇಳಿಸಿ ನೋಡಿದ. ಟ್ರೇಲರಿನ ಎಡಚಕ್ರ ಮುಟ್ಟಿದರೆ ಕೈ ಚುರ್ ಅಂತು. ಸುಟ್ಟ ವಾಸನೆ ಬೇರೆ.

“ಸಿಕ್ಕಿಬಿದ್ದೆಯಾ ಕಳ್ಳ!” ಅಂದವನೇ, ಅತಿಯಾಗಿ ಉಜ್ಜಿ ಸುಡುತ್ತಿದೆ ಅಂದುಕೊಂಡು ಅದರ ಬ್ರೇಕ್ ಸಡಿಲ ಮಾಡಿದ.

ಮತ್ತೆ ಇಳಿಸಿದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ನೀರಿಗೇ ಇಳಿಯಿತು. ಅಯ್ಯೋ ಶಿವನೇ!

ಮರುದಿನ ಅದೇ ಚಕ್ರಕ್ಕೆ ಒತ್ತಿ ಹಿಡಿಯುವ ಹೊಸ ಬ್ರೇಕ್ ಶೂ ಹಾಕಿ ಬಿಗಿ ಮಾಡಿದ. ಆಗಲೂ ಮೆಟ್ಟಿಲು ದಾಟಿಯೇ ನಿಂತಿತು. ಅದೇ ಚಕ್ರ, ಅದೇ ಬಿಸಿ.

ಮೂರನೇ ದಿನ ಛಲ ಹತ್ತಿತು. ಊಟಕ್ಕೂ ಏಳದೆ ಎಡಚಕ್ರ ಬಿಚ್ಚಿಕೊಂಡು ಕೂತ.

“ಮೂರು ಸಲ ಕರೆದೆ, ಕಿವಿ ಕೇಳಿಸಲ್ವಾ? ಇನ್ನೂರು ಜನಕ್ಕೆ ಒಬ್ಬಳೇ ಬೇಯಿಸಿ ನಿನಗೆ ಇಲ್ಲಿಗೂ ತಂದಿಡಬೇಕಾ?” ದೊಡ್ಡತಾಯಮ್ಮ ಬೈಯುತ್ತಲೇ ಮುದ್ದೆ, ಸಾರು ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದಳು.

ಗುರುಗಳು ಹತ್ತಿರ ಬಂದರು. “ಬಲಗಡೇದು ಮುಟ್ಟಿ ನೋಡಿದೆಯಾ?”

“ಅದು ತಣ್ಣಗೇ ಇದೆ ಬುದ್ಧಿ. ಒಂದು ದಿನವೂ ತೊಂದರೆ ಕೊಟ್ಟಿಲ್ಲ.”

“ದುಡಿದಿದ್ದರೆ ತಾನೇ ಕೊಡೋದು?”

ಪುಟ್ಟಲಿಂಗ ಬಲಚಕ್ರ ಬಿಚ್ಚಿದ. ಒಳಗಿನ ಸೀಲ್ ಹರಿದು ಗ್ರೀಸ್ ಸೋರಿ ಬ್ರೇಕ್ ಶೂ ತುಂಬಾ ಮೆತ್ತಿಕೊಂಡಿತ್ತು. ಎಷ್ಟು ಒತ್ತಿದರೂ ಜಾರುತ್ತಿತ್ತೇ ಹೊರತು ಹಿಡಿಯುತ್ತಿರಲಿಲ್ಲ. ಇಷ್ಟು ದಿನ ಅಷ್ಟೂ ಭಾರವನ್ನು ಎಡಚಕ್ರ ಒಂದೇ ತಡೆದಿತ್ತು.

ಗ್ರೀಸ್ ತೊಳೆದ. ಹೊಸ ಸೀಲ್, ಹೊಸ ಶೂ ಹಾಕಿದ. ಕಲ್ಲು ತುಂಬಿ ಇಳಿಸಿದ.

ಮೆಟ್ಟಿಲು ಇನ್ನೂ ಎರಡು ಮಾರು ದೂರ ಇರುವಾಗಲೇ ಗಾಡಿ ನಿಂತಿತು. ಇಳಿದು ಬಂದು ಎರಡೂ ಚಕ್ರ ಮುಟ್ಟಿದ. ಎರಡೂ ಒಂದೇ ಸಮ ಬಿಸಿ.

“ನಿಂತಿತು ಬುದ್ಧಿ! ದೀಕ್ಷೆ…” ಅನ್ನುತ್ತಿದ್ದಂತೆ ಅವನಿಗೆ ತಾನು ಮೊದಲ ದಿನ ದೊಡ್ಡತಾಯಮ್ಮನ ಬಗ್ಗೆ ಆಡಿದ್ದು ನೆನಪಾಗಿ ನಾಚಿಕೆಯಾಯಿತು.

“ಕೊಟ್ಟೆ, ತಗೋ,” ಅಂದರು ಗುರುಗಳು. “ನಾಳೆಯಿಂದ ದೊಡ್ಡತಾಯಮ್ಮನ ಪಕ್ಕ ನಿಂತು ಮುದ್ದೆ ತಿರುವೋ ಹಿಟ್ಟಿನ ದೊಣ್ಣೆ ಹಿಡಿ. ಸಂಜೆ ಬಂದು ನಿನ್ನನ್ನೂ ಮುಟ್ಟಿ ನೋಡ್ತೀನಿ.”