ಮೋಡ ಮೇಯಿಸುವ ಅಯ್ಯ

ಹತ್ತಿರ ಬನ್ನಿ ಮಕ್ಕಳಾ, ಹೇಳ್ತೀನಿ. ಪಡುವಣ ಕಡಲಿಗೂ ಮೂಡಣ ಬಯಲಿಗೂ ನಡುವೆ ಒಂದು ಘಟ್ಟ. ಅದರ ನೆತ್ತಿಯಲ್ಲಿ ಹುಟ್ಟಿದ ಹೊಳೆ ನಿದ್ದೆಗಣ್ಣಲ್ಲಿ ನಡೆದ ಹಾಗೆ ಬಯಲಿಗೆ ಇಳೀತಿತ್ತು. ಆ ಬಯಲನ್ನು ಆಳೋ ರಾಜನೊಬ್ಬ ಇದ್ದ. ಮನಸ್ಸು ಒಳ್ಳೇದು, ಯಾರು ಏನಂದರೂ ನಂಬೋನು.

ಒಂದು ಬೇಸಿಗೆ ಬಯಲೆಲ್ಲ ಕಾದ ಹೆಂಚಾಯ್ತು. ಹೊಳೆ ಸೊರಗಿ ದಾರವಾಯ್ತು. ಆಗ ಬಂದ ಒಬ್ಬ ಮೋಡದಯ್ಯ. ಕೈಯಲ್ಲಿ ನವಿಲುಗರಿ ಕಟ್ಟಿದ ಕೋಲು.

"ನಾನು ಮೋಡ ಮೇಯಿಸೋನು, ರಾಜ. ಕಡಲ ದಂಡೇಲಿ ಕೋಲೆತ್ತಿದೆ, ಮಳೆ ಬಂತು. ಘಟ್ಟದ ಮೇಲೆ ಎತ್ತಿದೆ, ಮಳೆ ಬಂತು. ಇಲ್ಲೂ ಎತ್ತುತೀನಿ. ನಿನ್ನ ಬಿತ್ತನೆ ರಾಗಿ ಅಷ್ಟೂ ನನಗೆ."

ಆ ರಾಗಿ ಹೋದರೆ ಬಿತ್ತೋಕೆ ನಾಡಲ್ಲಿ ಬೇರೆ ಕಾಳಿಲ್ಲ. ಆದರೂ ರಾಜ ಹೂಂ ಅಂದುಬಿಟ್ಟ.

ಅಷ್ಟರಲ್ಲಿ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ದ್ಯಾವಕ್ಕ ಅರಮನೆ ಅಂಗಳಕ್ಕೆ ಬಂದಳು. ವರ್ಷಾ ವರ್ಷಾ ಕಡಲಿಂದ ಉಪ್ಪು ತರೋಳು. ಮಳೆಗೆ ಸಿಕ್ಕರೆ ಉಪ್ಪು ಕರಗೀತು, ಅದಕ್ಕೇ ಮಳೆಗಿಂತ ಮುಂದೆ ಮುಂದೆ ನಡೆಯೋಳು.

"ಮಳೆಗೆ ದನಗಾಹಿ ಯಾಕೆ ಬುದ್ಧೀ?" ಅಂದಳು. "ನಮ್ಮ ನೆಲ ಕಾದು ಬಿಸಿಗಾಳಿ ಮೇಲಕ್ಕೇಳ್ತದೆ. ಆ ತೆರವಿಗೆ ಕಡಲಿನ ತೇವದ ಗಾಳಿ ಓಡಿಬರ್ತದೆ. ಘಟ್ಟ ಹತ್ತುತ್ತಾ ತಣ್ಣಗಾಗ್ತದೆ. ಏರಲ್ಲಿ ನನ್ನೆತ್ತು ಹೇರು ಕೆಡವಿದ ಹಾಗೆ ಮುಕ್ಕಾಲು ನೀರು ಅಲ್ಲೇ ಸುರೀತದೆ. ಮಿಕ್ಕ ಮೋಡ ನಮಗೆ. ಅಲ್ಲಿ ಸುರಿದದ್ದನ್ನ ಹೊಳೆ ತರ್ತದೆ. ಈ ಅಯ್ಯನೂ ನನ್ನ ಹಾಗೆ ಮಳೆಗಿಂತ ಮುಂದೆ ನಡೀತಾನೆ, ಅಷ್ಟೆ."

"ಉಪ್ಪು ಮಾರೋಳಿಗೆ ಆಕಾಶದ ಮಾತು ಯಾಕೇ?" ಅಯ್ಯ ನಕ್ಕ. ರಾಜನೂ ನಕ್ಕ.

ದ್ಯಾವಕ್ಕ ಚೀಲಕ್ಕೆ ಕೈ ಹಾಕಿದಳು. ಉಪ್ಪು ಬೆವರಿ ಬೆರಳಿಗಂಟಿತು. ಗಾಳಿಗೆ ತೇವ ಬಂದಾಗಿತ್ತು.

"ಆಗಲಿ ಅಯ್ನೋರೇ, ಮಳೆಗೆ ಕಾಯೋದು ಬೇಡ, ರಾಗಿ ಈಗಲೇ ಒಯ್ಯಿರಿ. ಆದರೆ ನೆಲದಡಿ ಹಗೇವಲ್ಲಿದ್ದು ಮುಗ್ಗು ಹಿಡಿದದೆ. ಒಣಗಿಸಿ ಕೊಡ್ತೀವಿ. ಅಲ್ಲೀತನಕ ಮೋಡವನ್ನ ಘಟ್ಟದಾಚೆ ಕಟ್ಟಿಹಾಕಿ. ಕರೆಯೋರಿಗೆ ನಿಲ್ಲಿಸೋದೇನು ಕಷ್ಟ?"

ಅಯ್ಯ ಆಕಾಶ ನೋಡಿದ. ತಿಳಿನೀಲಿ. ಆಸೆ ತಡೀಲಿಲ್ಲ. "ನಿಲ್ಸಿದೆ, ಹೋಗು!" ಅಂದ.

ಒಂದು ಕಂಬಳಿ ಹಾಸಿ ರಾಗಿ ಹರವಿದರು. ಘಟ್ಟದ ಮೇಲೆ ಅರಳೆಯಂಥ ಬಿಳುಪು ಕಂಡಿತು. ಅಯ್ಯ ಕೋಲೆತ್ತಿ "ನಿಲ್ಲು" ಅಂದ.

ಇನ್ನೊಂದು ಕಂಬಳಿ ಹಾಸಿದರು. ಅರಳೆ ಕುರಿಮಂದೆಯಾಯ್ತು, ಕನಸಲ್ಲಿ ಬಂದ ಹಾಗೆ ಸದ್ದಿಲ್ಲದೆ ಇಳಿದು ಬಂತು. "ನಿಲ್ಲೇ!" ಅಂದ.

ಮತ್ತೊಂದು ಕಂಬಳಿ ಹಾಸಿದರು. ಮಂದೆ ಸೂರ್ಯನನ್ನೇ ಮೇದುಬಿಟ್ಟಿತು. "ನಿಲ್ರೋ, ನನ್ನಪ್ಪಂದಿರಾ!" ಅಂತ ಅಯ್ಯ ಅಂಗಳದ ತುಂಬ ಓಡಾಡಿದ.

ಟಪ್! ಅವನ ಮೂಗಿನ ಮೇಲೇ ಮೊದಲ ಹನಿ.

"ಹಾಂ, ಬಂತು ನೋಡಿ ಮಳೆ! ತರಿಸಿದ್ದು ನಾನೇ. ಕೊಡಿ ರಾಗಿ!"

"ತರಿಸಿದೋರು ನಿಲ್ಲು ನಿಲ್ಲು ಅಂತ ಯಾಕೆ ಅಂಗಲಾಚಿದ್ರಿ?" ಅಂದಳು ದ್ಯಾವಕ್ಕ.

ಅಂಗಳವೆಲ್ಲ ಘೊಳ್ಳಂತು. ಅಯ್ಯ ನೆಂದ ಕೋಳಿಯ ಹಾಗೆ ಓಡಿದ. ರಾಜ ತಾನೇ ಉಪ್ಪಿನ ಚೀಲ ಹೊತ್ತು ಅರಮನೆ ಒಳಗಿಟ್ಟ. ಜನ ರಾಗಿ ಸಮೇತ ಕಂಬಳಿ ಸುತ್ತಿಕೊಂಡು ನೇರ ಹೊಲಕ್ಕೆ ನಡೆದರು. ನೆಲ ಹದವಾಗಿತ್ತು. ಅವತ್ತೇ ಬಿತ್ತಿದರು.

ಎಲ್ಲರಿಗೂ ತಾನಾಗಿ ಬರೋದನ್ನ "ನಾನು ತಂದೆ" ಅಂತ ಬೆಲೆ ಕೇಳೋನನ್ನ ನಂಬಬೇಡಿ ಮಕ್ಕಳಾ. ಅದು ಯಾಕೆ ಬರ್ತದೆ ಅಂತ ಮೊದಲು ತಿಳ್ಕೊಳ್ಳಿ. ಕಥೆ ನಿಮಗೆ ಬಿಟ್ಟೆ, ದಾರಿ ನಾನು ಹಿಡಿದೆ.