ಬೆಲ್ ಹೊಡೆದ ಮೇಲೆ

"ಗುರುಗಳೇ, ಇನ್ನೊಬ್ಬರ ಕೈಕೆಳಗೆ ದುಡಿಯುವವನು ತನ್ನ ಇಷ್ಟದಂತೆ ಬದುಕುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಅವನು ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಯಜಮಾನ ಬಿಟ್ಟ ದಿನ ಪಾಠಕ್ಕೆ ಬರುತ್ತಿದ್ದ, ಬಿಡದ ದಿನ ಇಲ್ಲ. ಆ ದಿನವೂ ಅವನು ಬರುವಷ್ಟರಲ್ಲಿ ಪಾಠ ಮುಗಿದಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹೊಲಿಗೆಯವಳಿದ್ದಳು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗೆ ಕಾಲರು ಕೂರಿಸುವುದು ಅವಳ ಕೆಲಸ. ಅವಳ ಊರಿನ ಹೆಂಗಸರು ಹೋಗಿಬರಲು ಕಾರ್ಖಾನೆಯದೇ ಒಂದು ವ್ಯಾನಿತ್ತು. ಸಂಜೆ ಹೊತ್ತಿಗೆ ಸರಿಯಾಗಿ ಬೆಲ್ ಹೊಡೆಯುತ್ತಿತ್ತು, ವ್ಯಾನು ಮಾತ್ರ ಹೊರಡುತ್ತಿರಲಿಲ್ಲ. ಸೂಪರ್‌ವೈಸರ್ ಕೈಬೀಸಿದಾಗಲೇ ಅದು ಹೊರಡುವುದು. "ನಾನು ಯಾರನ್ನೂ ಕಟ್ಟಾಕಿಲ್ಲಮ್ಮ. ಬೆಲ್ ಹೊಡೆದ ಮೇಲೆ ಯಾರು ಬೇಕಾದ್ರೂ ಹೋಗಬಹುದು," ಎನ್ನುತ್ತಿದ್ದ ಆ ಪುಣ್ಯಾತ್ಮ. ಬಸ್ಸಿಲ್ಲದ ಊರಿಗೆ ಹೋಗುವುದು ಹೇಗೆಂದು ಮಾತ್ರ ಹೇಳುತ್ತಿರಲಿಲ್ಲ. ಹೆಂಗಸರು ಮತ್ತೆ ಮೆಷಿನ್ನಿನ ಮುಂದೆ ಕೂರುತ್ತಿದ್ದರು.

ಅವಳಿಗೊಬ್ಬಳು ಪುಟ್ಟ ಮಗಳು. ತಾಯಿ ಹೊರಡುವಾಗಲೂ ಮಗು ನಿದ್ದೆಯಲ್ಲಿರುತ್ತಿತ್ತು, ಬರುವಾಗಲೂ ನಿದ್ದೆ. ಒಂದು ಭಾನುವಾರ ಮನೆಗೆ ಬಂದ ನೆಂಟರು ಮಗುವನ್ನು "ನಿಮ್ಮವ್ವ ಎಲ್ಲೇ?" ಎಂದು ಕೇಳಿದರು. ಅವಳು ಪಕ್ಕದಲ್ಲೇ ಕೂತಿದ್ದಳು. ಮಗು ರಸ್ತೆಯ ಕಡೆ ಕೈ ತೋರಿಸಿ "ವ್ಯಾನಲ್ಲಿ" ಎಂದಿತು. ಎಲ್ಲರೂ ನಕ್ಕರು. ಅವಳು ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು.

ಮರುವಾರವೇ ಕಿವಿಯೋಲೆ ಮಾರಿ, ಇದ್ದುದರಲ್ಲಿ ಅಗ್ಗದ ಒಂದು ಕರೆಂಟಿನ ಸೈಕಲ್ಲು ತಂದಳು. ಚಾರ್ಜು ಇರುವ ತನಕ ಅದು ತಾನೇ ಓಡುತ್ತದೆ, ಮುಗಿದರೆ ಪೆಡಲು ತುಳಿಯಬೇಕು. ಮನೆಯಲ್ಲಿ ಮಾಡಿದ ಚಾರ್ಜು ಕಾರ್ಖಾನೆ ಮುಟ್ಟಿ, ಅರ್ಧ ದಾರಿ ವಾಪಸು ಬರುವುದಕ್ಕೆ ಸಾಲುತ್ತಿತ್ತು. ಉಳಿದರ್ಧಕ್ಕೆಂದು ಊಟದ ಬಿಡುವಿನಲ್ಲಿ ಗೇಟಿನ ಹತ್ತಿರದ ಪ್ಲಗ್ಗಿಗೆ ಹಾಕುತ್ತಿದ್ದಳು. ಸಂಜೆ ಬೆಲ್ ಹೊಡೆಯಿತೋ, ಅವಳು ಎದ್ದಳೇ. ಹೊತ್ತು ಮುಳುಗುವ ಮೊದಲು ಮನೆ ಸೇರಿ, ಮಗುವಿಗೆ ತನ್ನ ಕೈಯಾರೆ ಉಣ್ಣಿಸುತ್ತಿದ್ದಳು.

ಸೂಪರ್‌ವೈಸರಿಗೆ ಇದನ್ನು ಸಹಿಸಲಾಗಲಿಲ್ಲ. ಒಬ್ಬಳು ಎದ್ದರೆ ಇನ್ನೊಬ್ಬಳು ಎದ್ದಾಳು ಎಂಬ ಭಯ ಅವನಿಗೆ. ಕೆಲಸದಿಂದ ತೆಗೆಯೋಣವೆಂದರೆ ಅವಳ ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಒಂದು ದಿನ ಪ್ಲಗ್ಗಿನಿಂದ ಚಾರ್ಜರು ಕಿತ್ತು ಅವಳ ಕೈಗೇ ಕೊಟ್ಟ.

"ಇಲ್ಲಿ ಕರೆಂಟು ಇರೋದು ಮೆಷಿನ್ನಿಗೆ. ನಾಳೆಯಿಂದ ಎಲ್ಲರ ಜೊತೆ ವ್ಯಾನಲ್ಲಿ ಬಾ. ನಡುದಾರಿಲಿ ಗಾಡಿ ನಿಂತರೆ ಏನು ಮಾಡ್ತೀಯ?"

ಅವಳಿಗೆ ಹೆದರಿಕೆಯೇನೋ ಆಯಿತು. ಆದರೂ ಹೇಳಿಯೇಬಿಟ್ಟಳು.

"ತುಳೀತೀನಿ ಸಾರ್. ನಿಮ್ ಅಂಗಿಗೋಸ್ಕರ ದಿನವೆಲ್ಲ ಪೆಡಲು ತುಳಿಯೋ ಕಾಲು, ನನ್ ಮಗೀಗೋಸ್ಕರ ಒಸಿ ದೂರ ತುಳಿಯಕಿಲ್ವಾ?"

ಅಂದಿನಿಂದ ಬರುವಾಗ ಅರ್ಧ ದಾರಿ ಕರೆಂಟಿನಲ್ಲಿ ಬಂದಳು, ಅರ್ಧ ದಾರಿ ತುಳಿದಳು. ಬ್ಯಾಟರಿ ಹೊತ್ತ ಸೈಕಲ್ಲು ಬಲು ಭಾರ. ಏರು ಸಿಕ್ಕಲ್ಲಿ ಇಳಿದು ತಳ್ಳಿದಳು. ಒಂದು ಶನಿವಾರ ಅದೇನು ಪುಣ್ಯವೋ, ವ್ಯಾನನ್ನೂ ಬೇಗ ಬಿಟ್ಟರು. ಅದು ದಾರಿಯಲ್ಲಿ ಅವಳನ್ನು ಹಿಂದೆ ಹಾಕಿತು. ಕಿಟಕಿಯಿಂದ ಒಬ್ಬಳು ತಲೆ ಹಾಕಿ, "ಕರೆಂಟ್ ಗಾಡಿ ತಗಂಡು ಕಾಲಲ್ಲಿ ತುಳೀತಾವ್ಳೆ ನೋಡ್ರೇ!" ಎಂದು ಕೂಗಿದಳು. ವ್ಯಾನಿನ ತುಂಬ ನಗು.

"ನಗ್ರವ್ವಾ, ಚೆನ್ನಾಗಿ ನಗಿ. ಸೋಮವಾರ ಬೆಲ್ ಹೊಡೆದಾಗ್ಲೂ ಹಿಂಗೇ ನಗಿ, ನೋಡನ!" ಎಂದಳು ಅವಳು, ತುಳಿಯುವುದನ್ನು ನಿಲ್ಲಿಸದೆ.

ಮನೆ ಮುಟ್ಟಿದಾಗ ಅವಳ ಕಾಲುಗಳು ಸೋತಿದ್ದವು. ಮಗು ಎಚ್ಚರವಾಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದೇ ಕಾರ್ಖಾನೆ, ಅದೇ ಸೂಪರ್‌ವೈಸರ್. ಓಲೆ ಹೋಯಿತು, ಮೇಲೆ ಕಾಲುನೋವು ಬೇರೆ. ಇಷ್ಟು ಕಷ್ಟಪಟ್ಟು ಅವಳಿಗೆ ಸಿಕ್ಕಿದ್ದಾದರೂ ಏನು, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು.

"ನೀನು ಇದನ್ನು ವ್ಯಾನಿನ ಕಿಟಕಿಯಿಂದ ಕೇಳುತ್ತಿದ್ದೀಯೆ."