ಕೋಣನ ಗಂಟಲು

ಬೆಟ್ಟದ ಮೇಲೆ ಒಂದು ಮಠವಿತ್ತು. ಮಠ ಅಂದರೆ ದೊಡ್ಡದೇನಲ್ಲ. ನಾಲ್ಕು ಕಂಬ, ಒಂದು ಸೂರು, ಮುಂದೊಂದು ಜಗಲಿ. ಕೆಳಗೆ ಹೊಳೆ ಹಗಲೂ ರಾತ್ರಿ ಬಾಯಿ ಮುಚ್ಚದೆ ಹರಿಯುತ್ತಿತ್ತು.

ಅಲ್ಲಿದ್ದ ಗುರುಗಳಿಗೆ ವಯಸ್ಸಾಗಿತ್ತು. ಮಂಡಿ ಬಗ್ಗುತ್ತಿರಲಿಲ್ಲ. ಒಂದು ದಿನ ಪೂಜೆ ಮುಗಿಸಿ ಬಂದವರೇ ಶಿಷ್ಯರಿಗೆ ಹೇಳಿದರು:

"ನಾನು ಕೆಳಗಿನ ಮಠಕ್ಕೆ ಹೋಗ್ಬೇಕು. ನಮ್ಮ ಗುರುಗಳ ಗದ್ದುಗೆ ಇರೋದು ಅಲ್ಲಿ. ಅವರ ಪಾದದ ಹತ್ತಿರವೇ ನನ್ನ ಉಸಿರು ನಿಲ್ಲಲಿ."

ಕೆಳಗಿನ ಮಠಕ್ಕಿದ್ದ ದಾರಿಯನ್ನು ಹೋದ ಮಳೆಗಾಲದಲ್ಲಿ ಗುಡ್ಡ ಕುಸಿದು ನುಂಗಿತ್ತು. ಉಳಿದದ್ದು ಆಡು ಹತ್ತುವಂಥ ಜಾಡು. ಕೈಯೂರಿ ಕಾಲೂರಿ ಇಳಿಯಬೇಕು. ಒಬ್ಬರನ್ನು ಹೊತ್ತು ಇಳಿಯುವ ಮಾತೇ ಇಲ್ಲ.

ಇನ್ನಿದ್ದದ್ದು ಹೊಳೆಯೊಂದೇ.

ಆ ಹೊಳೆಯಾದರೂ ಸಾಧುವಲ್ಲ. ಬಂಡೆಯಿಂದ ಬಂಡೆಗೆ ಧುಮುಕುತ್ತಾ, ನೊರೆ ಕಾರುತ್ತಾ ಇಳಿಯುತ್ತದೆ. ನಡುದಾರಿಯಲ್ಲಿ ಕೋಣನ ಗಂಟಲು ಅಂತ ಒಂದು ಜಾಗ. ಎರಡು ಬಂಡೆಗಳ ಸಂದಿಯಲ್ಲಿ ಅಷ್ಟೂ ನೀರು ನುಗ್ಗಿ ಕೆಳಗಿನ ಮಡುವಿಗೆ ಬೀಳುತ್ತದೆ. ಮಡುವಿನಲ್ಲಿ ಸುಳಿ. ಅದು ಒಳಗೆಳೆದುಕೊಂಡದ್ದನ್ನು ಸುಲಭಕ್ಕೆ ಬಿಡುವುದಿಲ್ಲ.

ಪಂಚಾಕ್ಷರಿ ಎದ್ದು ನಿಂತ. ಶಿಷ್ಯರಲ್ಲಿ ಅವನೇ ಚುರುಕು, ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು.

"ತೆಪ್ಪದಲ್ಲಿ ಕರ್ಕೊಂಡು ಹೋಗ್ತೀನಿ ಬುದ್ಧೀ. ಎಲ್ಲಾ ನನಗೆ ಬಿಡಿ."

"ಬಿಟ್ಟೆ," ಅಂದರು ಗುರುಗಳು.

ಅಲ್ಲಿಂದ ಅವನಿಗೆ ಊಟ ನಿದ್ದೆಯ ಪರಿವೆ ಇರಲಿಲ್ಲ. ಬಲಿತ ಬಿದಿರು ಕಡಿದು ಒಣಗಿಸಿದ. ಜಾಡು ಹಿಡಿದು ಇಳಿದು ಒಂದೊಂದು ಬಂಡೆಯನ್ನೂ ನೋಡಿ ಬಂದ. ನೋಡಿದ್ದನ್ನೆಲ್ಲ ಮಠದ ಮುಂದಿನ ಮರಳಿನಲ್ಲಿ ಮಾಡಿಟ್ಟ. ಬೆರಳಿನಲ್ಲಿ ಕೊರೆದ ಗೀರು ಹೊಳೆಯಾಯಿತು, ಕಲ್ಲುಗಳು ಬಂಡೆಗಳಾದವು. ಗೀರಿನಲ್ಲಿ ನೀರು ಹೊಯ್ದು ಒಂದು ಎಲೆಯನ್ನು ತೇಲಿಬಿಟ್ಟ. ಎಲೆಯ ಮೇಲೆ ಒಂದು ಬಿಳಿ ಹರಳು.

ಗುರುಗಳು ಕೋಲೂರಿಕೊಂಡು ಬಂದು ನೋಡಿದರು.

"ಈ ಎಲೆ ಏನು?"

"ನಮ್ಮ ತೆಪ್ಪ ಬುದ್ಧೀ."

"ಮೇಲಿರೋ ಹರಳು?"

"ತಾವು."

"ಪರವಾಗಿಲ್ಲ ಕಣೋ, ತೂಕ ಸರಿಯಾಗೇ ಹಾಕಿದ್ದೀಯ."

ಪಂಚಾಕ್ಷರಿಗೆ ಹುರುಪು ಬಂತು. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಎಲ್ಲಿ ಹುಟ್ಟು ಎತ್ತಿ ಸುಮ್ಮನೆ ಕೂರಬೇಕು, ಎಲ್ಲ ಹೇಳಿದ. ಕೋಣನ ಗಂಟಲು ಬಂತು.

"ಇಲ್ಲಿ ಬಲಕ್ಕೆ ಒತ್ತಿ ಹುಟ್ಟು ಹಾಕಿದ್ರೆ ಸಾಕು. ತೆಪ್ಪ ಬೆಣ್ಣೇಲಿ ಜಾರಿದ ಹಾಗೆ ಜಾರಿಬಿಡುತ್ತೆ."

ಗುರುಗಳು ಕೋಲಿನ ತುದಿಯಿಂದ ಎಲೆಯನ್ನು ಮಗುಚಿದರು. ಹರಳು ನೀರೊಳಗೆ ಬಿತ್ತು. ಅವರು ಶಿಷ್ಯನ ಮುಖ ನೋಡಿದರು.

"ಬಿಡ್ತು ಅನ್ನಿ ಬುದ್ಧೀ!" ಪಂಚಾಕ್ಷರಿ ಕೆನ್ನೆ ಬಡಿದುಕೊಂಡ. "ಹೊರಡೋ ಹೊತ್ತಲ್ಲಿ ಎಂಥ ಮಾತು!"

"ನಾನು ಬಾಯೇ ಬಿಡಲಿಲ್ವಲ್ಲೋ."

ಅವನು ಹರಳನ್ನು ಹೆಕ್ಕಿ, ಒರೆಸಿ, ಮತ್ತೆ ಎಲೆಯ ಮೇಲಿಟ್ಟ.

ಅವನದೂ ತಪ್ಪಲ್ಲ. ಆ ಸೀಮೆಯಲ್ಲಿ ಪಯಣಕ್ಕೆ ಮುಂಚೆ ಕೆಟ್ಟದ್ದನ್ನು ಬಾಯಲ್ಲಿ ತರುವುದಿಲ್ಲ. ಹೋಗ್ತೀನಿ ಅಂತಲೂ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಬಿದ್ದರೆ ಅಂತ ಅಂದವನೇ ಬೀಳಿಸಿದವನು ಅನ್ನುವ ಜನ.

ತೆಪ್ಪ ಕಟ್ಟುವ ದಿನ ಗುರುಗಳು ಮತ್ತೆ ಬಂದರು. ಬಿದಿರೆಲ್ಲ ಬಿಗಿದು ಮುಗಿದಿತ್ತು. ಪಕ್ಕದಲ್ಲಿ ಒಂದು ಸುರುಳಿ ನಾರಿನ ಹಗ್ಗ ಮಿಕ್ಕಿತ್ತು.

"ಇದು ಏತಕ್ಕೆ?"

"ಮಿಕ್ಕಿದ್ದು ಬುದ್ಧೀ. ಬಟ್ಟೆ ಒಣಗಿಸೋಕಾಗುತ್ತೆ."

ಗುರುಗಳು ತೆಪ್ಪದ ಅಂಚಿನಲ್ಲಿ ಮೆಲ್ಲಗೆ ಕೂತರು. "ನಾನು ಎಲ್ಲಿ ಬೀಳ್ತೀನಿ ಮಗಾ?"

ಪಂಚಾಕ್ಷರಿಯ ಕೈ ನಿಂತಿತು. "ತಾವು ಬೀಳೋದಿಲ್ಲ. ನಾನಿದ್ದೀನಿ."

"ಬಿದ್ದರೆ?"

"ದೇವರಿದ್ದಾನೆ."

"ಅವನಿಗೆ ನಿಲ್ಲೋಕೆ ಬಂಡೆ ತೋರಿಸಿದ್ದೀಯಾ?"

ಪಂಚಾಕ್ಷರಿಗೆ ಸಿಟ್ಟು ಬಂತು, ಅಳುವೂ ಬಂತು. "ಯಾಕೆ ಬುದ್ಧೀ ಹೀಗೆ ಕಾಡ್ತೀರಿ? ನಾನು ಹಗಲೂ ರಾತ್ರಿ ತಾವು ಸುಖವಾಗಿ ಸೇರೋದನ್ನೇ ಯೋಚಿಸ್ತಿದ್ದೀನಿ. ತಾವು ನೋಡಿದರೆ..."

ಗುರುಗಳು ನೀರಿನ ಕಡೆ ತಿರುಗಿದರು.

"ಹರೆಯದಲ್ಲಿ ನಾನೂ ಶಂಭುಲಿಂಗನೂ ಇದೇ ಹೊಳೇಲಿ ಇಳಿದ್ವಿ. ಇಬ್ಬರೂ ಒಂದೇ ಗುರುವಿನ ಮಕ್ಕಳು. ಹೊರಡೋವಾಗ ದಂಡೆ ತುಂಬಾ ಜನ. ಆರತಿ ಎತ್ತಿದ್ರು. ಎಲ್ಲರೂ ಒಳ್ಳೇ ಮಾತೇ ಆಡಿದ್ರು. ಗಂಟಲಿನ ಕೆಳಗೆ ಮಾತ್ರ ಯಾರೂ ಇರಲಿಲ್ಲ."

"ಶಂಭುಲಿಂಗಯ್ಯನವರು ಏನಾದ್ರು ಬುದ್ಧೀ?"

"ಅಲ್ಲೇ ಇದ್ದಾನೆ."

ಗುರುಗಳು ಮಿಕ್ಕಿದ್ದ ಹಗ್ಗದ ಸುರುಳಿಯನ್ನು ಕೋಲಿನಿಂದ ಅವನ ಕಡೆ ತಳ್ಳಿದರು.

"ಆ ಜಾಗ ಅಂದ್ರೆ ನನಗೆ ಭಯ ಮಗಾ," ಅಂದರು ಗುರುಗಳು.

ಅವರ ಬಾಯಲ್ಲಿ ಭಯ ಅನ್ನುವ ಮಾತನ್ನು ಪಂಚಾಕ್ಷರಿ ಅದುವರೆಗೆ ಕೇಳಿರಲಿಲ್ಲ.

ಮಾರನೇ ದಿನ ಅವನು ಮತ್ತೆ ಜಾಡು ಹಿಡಿದು ಕೋಣನ ಗಂಟಲಿಗೆ ಇಳಿದ. ಇಷ್ಟು ದಿನ ತೆಪ್ಪ ಹೋಗುವ ದಾರಿ ನೋಡುತ್ತಿದ್ದವನು ಈ ಸಲ ಬಿದ್ದವನು ಹೋಗುವ ದಾರಿ ನೋಡಿದ. ಸಂದಿಯ ಮೇಲಿನಿಂದ ಮರದ ಕೊರಡುಗಳನ್ನು ನೀರಿಗೆ ಬಿಟ್ಟ. ಒಂದೊಂದನ್ನೂ ಮಡು ನುಂಗಿತು. ಅವು ಎಲ್ಲಿ ಮೇಲೇಳುತ್ತವೆ ಅಂತ ಕಣ್ಣು ಮಿಟುಕಿಸದೆ ಕಾದ.

ವಾಪಸು ಬಂದವನು ಜಗಲಿಯ ಮುಂದೆ ತಲೆ ತಗ್ಗಿಸಿ ನಿಂತ.

"ಬುದ್ಧೀ, ತಾವು... ತಾವು ಬಿದ್ದರೆ, ಮಡುವಿನ ಎಡಕ್ಕೆ ಏಳ್ತೀರಿ. ಅಲ್ಲೊಂದು ಚಪ್ಪಟೆ ಬಂಡೆ ಇದೆ. ಸುಳಿ ಒಂದು ಸಲ ಅದರ ಹತ್ತಿರಕ್ಕೆ ತರುತ್ತೆ. ಆಗ ಹಗ್ಗ ಎಸೆದರೆ ಸಿಗುತ್ತೆ."

ಅಂದವನು ಹೆದರಿ ಮೇಲೆ ನೋಡಿದ. ಆಕಾಶ ಏನೂ ಕಳಚಿ ಬೀಳಲಿಲ್ಲ.

"ಬಂಡೆ ಮೇಲೆ ಯಾರು ನಿಲ್ತಾರೆ?"

"ರಾಚಯ್ಯ."

ರಾಚಯ್ಯ ಕಿರಿಯ ಶಿಷ್ಯ. ಮಾತು ಕಡಿಮೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು, ಹೇಳದ್ದಕ್ಕೆ ಕೈ ಹಾಕಲು ಅಂಜುವವನು.

"ಹಗ್ಗ ಎಸೆಯೋಕೆ ಸಿಗೋದು ಒಂದೇ ಸಲ," ಅಂದರು ಗುರುಗಳು. "ನಿಮ್ಮೆಲ್ಲರಲ್ಲಿ ಗುರಿ ತಪ್ಪದ ಕೈ ಯಾರದು?"

ಪಂಚಾಕ್ಷರಿಯ ದನಿ ಸಣ್ಣದಾಯಿತು.

"ನನ್ನದು."

"ಹಾಗಾದ್ರೆ?"

"ತಮ್ಮನ್ನ ನಾನೇ ಕರ್ಕೊಂಡು ಹೋಗ್ಬೇಕು ಅಂತಿದ್ದೆ ಬುದ್ಧೀ." ಅವನ ಕಣ್ಣು ತುಂಬಿತು. ಕೆಳಗಿನ ಮಠದವರೆಲ್ಲ ದಂಡೆಗೆ ಬಂದಿರುತ್ತಾರೆ, ಹುಟ್ಟು ಹಿಡಿದು ನಿಂತ ತನ್ನನ್ನು ನೋಡುತ್ತಾರೆ. ಅದೂ ಅವನ ಮನಸ್ಸಿನಲ್ಲಿತ್ತು, ಇಲ್ಲ ಅನ್ನುವುದೇಕೆ!

"ರಾಚಯ್ಯನಿಗೆ ಹುಟ್ಟು ಹಾಕೋದು ಕಲಿಸು," ಅಂದು ಗುರುಗಳು ಒಳಗೆ ಹೋದರು.

ಮಠದ ಕೆಳಗಿನ ನಿಂತ ನೀರಿನಲ್ಲಿ ಪಂಚಾಕ್ಷರಿ ಕಲಿಸಿದ.

"ನನ್ನ ಕೈಲಾಗಲ್ಲ ಅಣ್ಣಾ," ಅಂದ ರಾಚಯ್ಯ. "ಗುರುಗಳು ಕೂತಿರೋ ತೆಪ್ಪ!"

"ಆಗುತ್ತೆ. ಬಲಕ್ಕೆ ಒತ್ತು. ನೀರು ನೋಡ್ಬೇಡ, ನೀನು ಹೋಗೋ ಕಡೆ ನೋಡು."

ಹೊಟ್ಟೆ ಉರಿಯುತ್ತಿತ್ತು ಪಂಚಾಕ್ಷರಿಗೆ. ಆದರೂ ಕಲಿಸುವುದರಲ್ಲಿ ಒಂದನ್ನೂ ಬಚ್ಚಿಡಲಿಲ್ಲ.

ಹೊರಡುವ ದಿನ ಬಂತು. ಉಳಿದವರು ತೆಪ್ಪದ ಹತ್ತಿರ ಸಡಗರ ಮಾಡುತ್ತಿರುವಾಗಲೇ ಪಂಚಾಕ್ಷರಿ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಗುರುಗಳ ಪಾದಕ್ಕೆ ಬಿದ್ದ.

"ಹೋಗಿರ್ತೀನಿ ಬುದ್ಧೀ."

"ಹೋಗಿರು ಮಗಾ."

ಜಾಡು ಇಳಿದು, ಮಡುವಿನ ಪಕ್ಕದ ಚಪ್ಪಟೆ ಬಂಡೆಯ ಮೇಲೆ ನಿಂತ. ಬಿಸಿಲು ಏರಿತು. ಹಗ್ಗದ ಸುರುಳಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಕೂರಲಿಲ್ಲ.

ಮೇಲೆ ತೆಪ್ಪ ಕಾಣಿಸಿತು. ಹಿಂದೆ ರಾಚಯ್ಯ, ಮುಂದೆ ಇನ್ನಿಬ್ಬರು ಶಿಷ್ಯರು, ನಡುವೆ ಬಿದಿರನ್ನು ಹಿಡಿದು ಕೂತ ಗುರುಗಳು. ಎಷ್ಟು ಚಿಕ್ಕವರಾಗಿ ಕಂಡರು ಅಂದರೆ ಪಂಚಾಕ್ಷರಿಗೆ ಆ ಬಿಳಿ ಹರಳು ನೆನಪಾಯಿತು.

ತೆಪ್ಪ ಮೂತಿ ಕೆಳಗೆ ಮಾಡಿ ಗಂಟಲಿಗೆ ನುಗ್ಗಿತು. ನೊರೆ ಎಲ್ಲವನ್ನೂ ಮುಚ್ಚಿತು.

"ಅಪ್ಪಾ ಶಿವನೇ!" ಅಂದ ಪಂಚಾಕ್ಷರಿ.

ಮಡುವಿನಲ್ಲಿ ತೆಪ್ಪ ಎದ್ದಿತು, ಆದರೆ ಅಡ್ಡಡ್ಡವಾಗಿ. ಬಲಗಡೆ ಮೇಲೆದ್ದು ವಾಲಿತು. ಗುರುಗಳು ಜಾರಿ ಎಡ ಅಂಚಿಗೆ ಬಂದರು. ಅವರ ಒಂದು ಕಾಲು ನೀರಿಗಿಳಿಯಿತು. ಪಂಚಾಕ್ಷರಿ ತೋಳು ಹಿಂದಕ್ಕೆ ತೆಗೆದು ಹಗ್ಗ ಎತ್ತಿದ.

ಗುರುಗಳ ಮುಖ ಅವನ ಕಡೆಗೇ ಇತ್ತು. ರಾಚಯ್ಯನೂ ಒಂದು ಸಲ ಬಂಡೆಯ ಕಡೆ ನೋಡಿದ. ನೋಡಿ, ಹಲ್ಲು ಕಚ್ಚಿ, ಬಲಕ್ಕೆ ಒತ್ತಿದ.

ತೆಪ್ಪ ಧಪ್ಪನೆ ನೀರಿಗೆ ಕೂತಿತು. ಸುಳಿಯನ್ನು ಸವರಿಕೊಂಡು ಮುಂದೆ ಹೋಯಿತು. ತಿರುವಿನಲ್ಲಿ ಮರೆಯಾಯಿತು.

ಎತ್ತಿದ ಕೈ ಹಾಗೇ ಇತ್ತು. ಹಗ್ಗ ಕೈಯಲ್ಲೇ ಇತ್ತು.

ಸದ್ಯ ಅಂತ ಪಂಚಾಕ್ಷರಿ ಅಲ್ಲೇ ಕೂತು ಅತ್ತ. ಅತ್ತು ಮುಗಿದ ಮೇಲೆ, ಬಿದ್ದಿದ್ದರೆ ನಾನು ಎತ್ತುತ್ತಿದ್ದೆನಲ್ಲ ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕೆನ್ನೆ ಬಡಿದುಕೊಂಡ. ಎದ್ದು ಜಾಡು ಹಿಡಿದ.

ಅವನು ಕೆಳಗಿನ ಮಠ ಸೇರುವಾಗ ದೀಪ ಹಚ್ಚುವ ಹೊತ್ತು. ದಂಡೆಗೆ ಬಂದಿದ್ದ ಜನ ಚದುರಿದ್ದರು. ರಾಚಯ್ಯನ ಕೊರಳಲ್ಲಿ ಹೂವಿನ ಹಾರ. ಅವನ ಸುತ್ತ ನಾಲ್ಕು ಜನ ಕೂತು, ಗಂಟಲು ಹೇಗೆ ದಾಟಿದೆ ಅಂತ ಮತ್ತೆ ಮತ್ತೆ ಕೇಳುತ್ತಿದ್ದರು. ಕೈಯಲ್ಲಿ ಹಗ್ಗ ಹಿಡಿದು ಬಂದವನನ್ನು ಯಾರು ಅಂತಲೂ ಯಾರೂ ಕೇಳಲಿಲ್ಲ.

ಗುರುಗಳು ತಮ್ಮ ಗುರುಗಳ ಗದ್ದುಗೆಗೆ ಒರಗಿ ಕೂತಿದ್ದರು. ಪಂಚಾಕ್ಷರಿ ಹಗ್ಗದ ಸುರುಳಿಯನ್ನು ಪಕ್ಕದಲ್ಲಿಟ್ಟು ಅವರ ಪಾದದ ಹತ್ತಿರ ಕೂತ.

"ಊಟ ಆಯ್ತಾ?" ಅಂದರು ಗುರುಗಳು.

"ಆಮೇಲೆ ಮಾಡ್ತೀನಿ." ಅವನಿಗೆ ತಡೆಯಲಾಗಲಿಲ್ಲ. "ತಪ್ಪು ತಿಳೀಬೇಡಿ ಬುದ್ಧೀ. ತಾವು ಸುಖವಾಗಿ ಬಂದ್ರಿ, ನನಗೆ ಅಷ್ಟು ಸಾಕು. ಆದರೆ ಸುರುಳಿ ಬಿಚ್ಚಲೇ ಇಲ್ಲ. ನಾನು ಇರದಿದ್ರೂ ತೆಪ್ಪ ಬರ್ತಿತ್ತು. ನಾನು ಮಾಡಿದ್ದು ಏನೂ ಇಲ್ಲ. ಬರೀ ನಿಂತಿದ್ದೆ."

ಗುರುಗಳು ಅವನ ಬಲಗೈಯನ್ನು ಎಳೆದು ದೀಪದ ಬೆಳಕಿಗೆ ಹಿಡಿದರು. ಅಂಗೈಯಲ್ಲಿ ಹಗ್ಗದ ಬರೆ ಕೆಂಪಗೆ ಎದ್ದಿತ್ತು.

"ಇದೇನು?"

"ಬಿಗಿಯಾಗಿ ಹಿಡಿದಿದ್ದೆ ಬುದ್ಧೀ."

ಗುರುಗಳು ಆ ಕೈಯನ್ನು ಬಿಡಲಿಲ್ಲ. ಅವರ ದನಿ ಮೆತ್ತಗಿತ್ತು.

"ತೆಪ್ಪ ವಾಲಿದಾಗ ನಾನು ದೇವರನ್ನ ಕರೀಲಿಲ್ಲ ಮಗಾ. ಬಂಡೆ ಮೇಲೆ ನೀನು ಕಾಣ್ತಿದ್ದೆ."